ವಿಡಿಯೋದಲ್ಲಿ ಮೊಡವೆ, ಕಲೆಗಳನ್ನು ತಿದ್ದುವುದು: ಯಾವ ಶಾಟ್‌ಗೆ ಯಾವ ಟ್ರ್ಯಾಕಿಂಗ್?

ಸ್ಥಿರಚಿತ್ರವೊಂದರಲ್ಲಿ ಕೆನ್ನೆಯ ಮೇಲಿನ ಮೊಡವೆಯನ್ನು ಅಳಿಸುವುದು ಫೋಟೋ ತಿದ್ದುವವರಿಗೆ ಕೆಲವು ಕ್ಷಣಗಳ ಕೆಲಸ. ಅದೇ ಮೊಡವೆ ವಿಡಿಯೋದಲ್ಲಿದ್ದರೆ ಲೆಕ್ಕವೇ ಬೇರೆ. ಸೆಕೆಂಡಿಗೆ 25 ಫ್ರೇಮ್‌ಗಳಂತೆ ಚಿತ್ರೀಕರಿಸಿದ 8 ಸೆಕೆಂಡುಗಳ ಶಾಟ್‌ನಲ್ಲಿ 200 ಚಿತ್ರಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಮುಖ ಸ್ವಲ್ಪ ತಿರುಗಿರುತ್ತದೆ, ಮಾತಿನ ಜೊತೆಗೆ ಕೆನ್ನೆ ಹಿಗ್ಗಿ ಕುಗ್ಗಿರುತ್ತದೆ, ಬೆಳಕು ಬೇರೆ ಕೋನದಲ್ಲಿ ಬಿದ್ದಿರುತ್ತದೆ. ಒಂದೊಂದು ಫ್ರೇಮನ್ನೂ ಕೈಯಿಂದ ತಿದ್ದಲು ಹೊರಟರೆ ಸಮಯ ಹೋಗುವುದಷ್ಟೇ ಅಲ್ಲ, ಕುಂಚದ ಗುರುತು ಪ್ರತಿ ಫ್ರೇಮಿನಲ್ಲೂ ಕೂದಲೆಳೆಯಷ್ಟು ಬದಲಾಗಿ, ಓಡಿಸಿ ನೋಡಿದಾಗ ಆ ಜಾಗ ಸಣ್ಣಗೆ ಕುದಿಯುತ್ತಿರುವಂತೆ ಕಾಣುತ್ತದೆ. ಆದ್ದರಿಂದಲೇ ಮೋಷನ್ ಟ್ರ್ಯಾಕಿಂಗ್ ಬೇಕಾಗುತ್ತದೆ. ಚರ್ಮದ ಆ ತುಣುಕು ಎಲ್ಲಿಂದ ಎಲ್ಲಿಗೆ ಚಲಿಸಿತು ಎಂಬುದನ್ನು ತಂತ್ರಾಂಶ ಲೆಕ್ಕಹಾಕುತ್ತದೆ, ನಾವು ಒಮ್ಮೆ ಮಾಡಿದ ತಿದ್ದುಪಡಿಯನ್ನು ಆ ಚಲನೆಗೆ ಕಟ್ಟುತ್ತೇವೆ.

ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲು ಕೇಳಬೇಕಾದದ್ದು, ನಾವು ಮಾಡಲಿರುವ ತಿದ್ದುಪಡಿ ಟ್ರ್ಯಾಕಿಂಗ್‌ನ ತಪ್ಪನ್ನು ಎಷ್ಟರಮಟ್ಟಿಗೆ ಸಹಿಸುತ್ತದೆ ಎಂಬುದನ್ನು. ಯಾವ ಟ್ರ್ಯಾಕರ್ ಕೂಡ ಚರ್ಮದ ಮೇಲೆ ಪೂರ್ತಿ ನಿಖರವಾಗಿ ನಿಲ್ಲುವುದಿಲ್ಲ. ಅಂಚು ಮೃದುವಾಗಿರುವ ಬಣ್ಣದ ತಿದ್ದುಪಡಿ ಮೂರು ನಾಲ್ಕು ಪಿಕ್ಸೆಲ್ ಜಾರಿದರೂ ನೋಡುಗರಿಗೆ ತಿಳಿಯುವುದಿಲ್ಲ. ಪಕ್ಕದ ಚರ್ಮವನ್ನು ತಂದು ಮುಚ್ಚಿದ ತೇಪೆ ಒಂದೆರಡು ಪಿಕ್ಸೆಲ್ ಜಾರಿದರೆ ಸಂಶಯ ಹುಟ್ಟುತ್ತದೆ. ಒಂದು ಫ್ರೇಮಿನಲ್ಲಿ ಬಣ್ಣ ಬಳಿದು ಇಡೀ ಶಾಟ್‌ಗೆ ಹರಡಿದ ಚರ್ಮವಾದರೋ ಒಂದು ಪಿಕ್ಸೆಲ್‌ನ ಭಾಗದಷ್ಟು ಜಾರಿದರೂ, ಮುಖಕ್ಕೆ ಅಂಟಿಸಿದ ಸ್ಟಿಕ್ಕರ್ ಕಿತ್ತುಬರುತ್ತಿರುವಂತೆ ಕಾಣುತ್ತದೆ. ಹೆಚ್ಚು ಸಹಿಸುವ ವಿಧಾನದಿಂದ ಕೆಲಸ ಆಗುವುದಾದರೆ ಕಡಿಮೆ ಸಹಿಸುವ ವಿಧಾನದ ಕಡೆಗೆ ಹೋಗಲೇಬಾರದು. ಮುಂದಿನ ಹೋಲಿಕೆಯನ್ನು ಈ ಅಳತೆಗೋಲಿನಿಂದಲೇ ಮಾಡಿದ್ದೇನೆ.

ಮೊದಲು ಕಲೆಯನ್ನೇ ನೋಡಿ

ಮಟ್ಟಸವಾದ ಕಲೆ ಮತ್ತು ಉಬ್ಬಿದ ಮೊಡವೆ ಎರಡೂ ಕಣ್ಣಿಗೆ ಒಂದೇ ಬಗೆಯ ದೋಷದಂತೆ ಕಂಡರೂ ಅವುಗಳಿಗೆ ಬೇಕಾದ ಚಿಕಿತ್ಸೆ ಬೇರೆ. ಹಳೆಯ ಮೊಡವೆ ಬಿಟ್ಟುಹೋದ ಕಂದು ಗುರುತು, ಕೆನ್ನೆಯ ಬಂಗು, ಸೊಳ್ಳೆ ಕಚ್ಚಿದ ಕೆಂಪು, ಇವುಗಳಲ್ಲಿ ಚರ್ಮದ ಮೇಲ್ಮೈ ಹಾಗೆಯೇ ಉಳಿದಿರುತ್ತದೆ, ಬಣ್ಣ ಮಾತ್ರ ಬದಲಾಗಿರುತ್ತದೆ. ಬಣ್ಣವನ್ನು ಸುತ್ತಲಿನ ಚರ್ಮಕ್ಕೆ ಹೊಂದಿಸಿದರೆ ಸಾಕು, ಒಂದು ಪಿಕ್ಸೆಲನ್ನೂ ಬೇರೆಡೆಯಿಂದ ತರಬೇಕಾಗಿಲ್ಲ. ಆದರೆ ಉಬ್ಬಿದ ಮೊಡವೆಗೆ ಒಂದು ಬದಿಯಲ್ಲಿ ಹೊಳಪು, ಇನ್ನೊಂದು ಬದಿಯಲ್ಲಿ ನೆರಳು ಇರುತ್ತದೆ; ಬಣ್ಣ ಸರಿಪಡಿಸಿದ ಮೇಲೂ ಆ ಉಬ್ಬು ಕಾಣುತ್ತಲೇ ಇರುತ್ತದೆ. ಅಲ್ಲಿ ತೇಪೆಯೇ ಬೇಕು. ಕುಳಿಬಿದ್ದ ಕಲೆಗಳೂ ಇದೇ ಗುಂಪಿಗೆ ಸೇರುತ್ತವೆ, ಮೇಲಾಗಿ ಬೆಳಕಿನ ಕೋನ ಬದಲಾದಂತೆ ಅವುಗಳ ನೆರಳೂ ಸರಿಯುತ್ತದೆ.

ಗಾತ್ರದ ಲೆಕ್ಕವನ್ನೂ ಒಮ್ಮೆ ಹಾಕಿಕೊಳ್ಳುವುದು ಒಳ್ಳೆಯದು. 1080 ಸಾಲುಗಳ ಚಿತ್ರದಲ್ಲಿ ಮುಖದ ಎತ್ತರ ಸುಮಾರು 300 ಪಿಕ್ಸೆಲ್ ಇದ್ದರೆ, 20 ಸೆಂಟಿಮೀಟರ್ ಉದ್ದದ ಮುಖದಲ್ಲಿ ಪ್ರತಿ ಮಿಲಿಮೀಟರಿಗೆ ಒಂದೂವರೆ ಪಿಕ್ಸೆಲ್ ಸಿಗುತ್ತದೆ. 4 ಮಿಲಿಮೀಟರ್ ಅಗಲದ ಮೊಡವೆ 6 ಪಿಕ್ಸೆಲ್ ಅಷ್ಟೇ. ಅದೇ ಮುಖ ಕ್ಲೋಸಪ್‌ನಲ್ಲಿ 900 ಪಿಕ್ಸೆಲ್ ಎತ್ತರವಿದ್ದರೆ ಮೊಡವೆ 18 ಪಿಕ್ಸೆಲ್ ಆಗುತ್ತದೆ. ಮೊದಲನೆಯದರಲ್ಲಿ ಸರಳ ಉಪಾಯಗಳು ಸಾಕು. ಎರಡನೆಯದರಲ್ಲಿ ಚರ್ಮದ ರಂಧ್ರಗಳೂ ಕಾಣುವುದರಿಂದ, ಅವುಗಳನ್ನು ಅಳಿಸಿಹಾಕುವ ಯಾವ ಉಪಾಯವೂ ಒಪ್ಪತಕ್ಕದ್ದಲ್ಲ.

ಟ್ರ್ಯಾಕರ್ ಯಾವುದಕ್ಕೆ ಅಂಟಿಕೊಳ್ಳುತ್ತದೆ?

ಒಂದು ಬಿಂದುವಿನ ಚಲನೆಯನ್ನು ಹಿಂಬಾಲಿಸುವ ಇಂದಿನ ಬಹುತೇಕ ಪಾಯಿಂಟ್ ಟ್ರ್ಯಾಕರ್‌ಗಳ ಹಿಂದಿನ ತತ್ವ ಹಳೆಯದು. 1981ರಲ್ಲಿ ಬ್ರೂಸ್ ಲ್ಯೂಕಸ್ ಮತ್ತು ತಕೇವೊ ಕನಾಡೆ, ಒಂದು ಫ್ರೇಮಿನ ಸಣ್ಣ ಚೌಕವು ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಸರಿದಿದ್ದರೆ ವ್ಯತ್ಯಾಸ ಅತಿ ಕಡಿಮೆಯಾಗುತ್ತದೆ ಎಂದು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದರು. ಇಂತಹ ಲೆಕ್ಕಕ್ಕೆ ಎಂತಹ ಚೌಕ ಯೋಗ್ಯ ಎಂಬುದನ್ನು 1994ರಲ್ಲಿ ಜಿಯಾನ್‌ಬೊ ಶಿ ಮತ್ತು ಕಾರ್ಲೊ ಟೊಮಾಸಿ ತೋರಿಸಿದರು: ಬೆಳಕು ಕತ್ತಲೆಗಳ ಏರಿಳಿತ ಎರಡು ದಿಕ್ಕಿನಲ್ಲೂ ಇರಬೇಕು. ಹುಬ್ಬಿನ ಅಂಚಿನಂತಹ ಗೆರೆಯ ಮೇಲೆ ಟ್ರ್ಯಾಕರ್ ಇಟ್ಟರೆ ಅದು ಗೆರೆಯ ಉದ್ದಕ್ಕೂ ಜಾರುತ್ತದೆ. ನುಣುಪಾದ ಕೆನ್ನೆಯ ಮೇಲೆ ಇಟ್ಟರೆ ಹಿಡಿಯಲು ಏನೂ ಇಲ್ಲದೆ ಅಲೆಯುತ್ತದೆ. ಎರಡು ದಿಕ್ಕಿನಲ್ಲೂ ಏರಿಳಿತವಿರುವ ಬಿಂದು ಮುಖದ ಮೇಲೆ ಯಾವುದು ಎಂದು ಹುಡುಕಿದರೆ, ಹೆಚ್ಚಿನ ಸಂದರ್ಭಗಳಲ್ಲಿ ಸಿಗುವುದು ನಾವು ಅಳಿಸಲು ಹೊರಟಿರುವ ಮೊಡವೆಯೇ, ಇಲ್ಲವೇ ಪಕ್ಕದ ಮಚ್ಚೆ. ಆದ್ದರಿಂದ ಟ್ರ್ಯಾಕಿಂಗನ್ನು ಯಾವಾಗಲೂ ತಿದ್ದದ ಮೂಲ ಚಿತ್ರದ ಮೇಲೆ ಮಾಡಿ, ತಿದ್ದುಪಡಿಯನ್ನು ಅದರ ನಂತರದ ಪದರದಲ್ಲಿ ಇಡಬೇಕು. ಈ ಕ್ರಮ ತಪ್ಪಿದರೆ, ಹಿಡಿಯಲು ಇದ್ದ ಒಂದೇ ಒಂದು ಆಧಾರವನ್ನು ನಾವೇ ಅಳಿಸಿದಂತಾಗುತ್ತದೆ.

ವಿಡಿಯೋದ ಬಣ್ಣ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನಲ್‌ಗಳಿಂದ ಕೂಡಿರುತ್ತದೆ; ಇವುಗಳ ಆಯ್ಕೆಗೆ ಸಿಗಬೇಕಾದ ಗಮನ ಸಿಗುತ್ತಿಲ್ಲ. ರಕ್ತದ ಹಿಮೋಗ್ಲೋಬಿನ್ ನೀಲಿ ಮತ್ತು ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುವುದರಿಂದ, ಹಸಿರು ಚಾನಲ್‌ನಲ್ಲಿ ಕೆಂಪು ಮೊಡವೆ ಗಾಢವಾಗಿ ಕಾಣುತ್ತದೆ, ಕೆಂಪು ಚಾನಲ್‌ನಲ್ಲಿ ಬಹುತೇಕ ಮಾಯವಾಗುತ್ತದೆ. ನಮ್ಮ ನಾಡಿನ ಕಂದು ಮೈಬಣ್ಣಗಳಲ್ಲಿ ಮೊಡವೆ ಮಾಗಿದ ನಂತರ ಉಳಿಯುವುದು ಹೆಚ್ಚಾಗಿ ಮೆಲನಿನ್‌ನ ಕಪ್ಪು ಕಲೆ. ಅದು ನೀಲಿಯಲ್ಲಿ ಅತ್ಯಂತ ಗಾಢವಾಗಿ, ಹಸಿರಿನಲ್ಲಿ ಸ್ಪಷ್ಟವಾಗಿ, ಕೆಂಪಿನಲ್ಲಿ ಮಸುಕಾಗಿ ಕಾಣುತ್ತದೆ. ನೀಲಿ ಚಾನಲ್‌ನಲ್ಲಿ ಸಾಮಾನ್ಯವಾಗಿ ನಾಯ್ಸ್ (ಚಿತ್ರದಲ್ಲಿ ಮಿನುಗುವ ಸಣ್ಣ ಕಣಗಳು) ಹೆಚ್ಚಿರುವುದರಿಂದ, ಟ್ರ್ಯಾಕ್ ಮಾಡಲು ಹಸಿರೇ ಒಳ್ಳೆಯ ಆಯ್ಕೆ. ದೃಶ್ಯಗಳನ್ನು ಜೋಡಿಸಿ ತಿದ್ದುವ ತಂತ್ರಾಂಶಗಳಾದ ನ್ಯೂಕ್ ಮತ್ತು ಫ್ಯೂಷನ್‌ಗಳ ಟ್ರ್ಯಾಕರ್‌ಗಳಲ್ಲಿ ಚಾನಲನ್ನು ನೇರವಾಗಿ ಆರಿಸಬಹುದು. ಅಡೋಬಿಯ ಆಫ್ಟರ್ ಎಫೆಕ್ಟ್ಸ್‌ನ ಟ್ರ್ಯಾಕರ್ ಆರ್‌ಜಿಬಿ (ಮೂರೂ ಬಣ್ಣ ಒಟ್ಟಿಗೆ), ಲ್ಯೂಮಿನನ್ಸ್ (ಹೊಳಪು), ಸ್ಯಾಚುರೇಷನ್ (ಬಣ್ಣದ ತೀವ್ರತೆ) ಎಂಬ ಮೂರನ್ನಷ್ಟೇ ಕೊಡುತ್ತದೆ. ಅಲ್ಲಿ ವಿಡಿಯೋದ ಒಂದು ನಕಲಿನಲ್ಲಿ ಹಸಿರು ಚಾನಲನ್ನು ಬೇರ್ಪಡಿಸಿ, ಅದನ್ನು ಪ್ರಿಕಂಪೋಸ್ ಮಾಡಿ (ಒಂದೇ ಪದರವಾಗಿ ಕಟ್ಟಿ), ಕಾಂಟ್ರಾಸ್ಟ್ ಏರಿಸಿ, ಅದರ ಮೇಲೆ ಟ್ರ್ಯಾಕ್ ಮಾಡಿ, ಸಿಕ್ಕ ಚಲನೆಯನ್ನು ಅಸಲು ಚಿತ್ರಕ್ಕೆ ಬಳಸಬೇಕು. ಕಂಗೆಡಿಸುವ ಶಾಟ್‌ಗಳಲ್ಲಿ ಈ ಒಂದು ಹೆಜ್ಜೆ, ತಂತ್ರಾಂಶ ಬದಲಿಸುವುದಕ್ಕಿಂತ ಹೆಚ್ಚು ಪ್ರಯೋಜನ ಕೊಡುತ್ತದೆ.

ವಿಧಾನಗಳ ಹೋಲಿಕೆ

ಎಲ್ಲಕ್ಕಿಂತ ಹೆಚ್ಚು ಸಹಿಸುವ ವಿಧಾನ, ಮೃದು ಅಂಚಿನ ಕಿಟಕಿಯೊಳಗೆ ಬಣ್ಣವನ್ನು ತಿದ್ದುವುದು. ಸಂಕಲನ ಮತ್ತು ಬಣ್ಣ ತಿದ್ದುವ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಕಲರ್ ಪುಟದಲ್ಲಿ ಕಲೆಯ ಸುತ್ತ ಸಣ್ಣ ಪವರ್ ವಿಂಡೋ ಎಳೆದು, ಅದನ್ನು ಟ್ರ್ಯಾಕ್ ಮಾಡಿ, ಒಳಗಿನ ಕೆಂಪನ್ನು ತಗ್ಗಿಸಿ, ಕಪ್ಪಾದ ಭಾಗವನ್ನು ತುಸು ಬೆಳಗಿಸಿದರೆ ಮಟ್ಟಸ ಕಲೆಗಳಲ್ಲಿ ಬಹುಪಾಲು ಅಲ್ಲಿಗೆ ಮುಗಿಯುತ್ತವೆ. ಚರ್ಮದ ರಂಧ್ರ, ನಾಯ್ಸ್, ಹೊಳಪು ಯಾವುದೂ ಬದಲಾಗುವುದಿಲ್ಲ, ಏಕೆಂದರೆ ಅವು ಆಯಾ ಫ್ರೇಮಿನ ಸ್ವಂತದ್ದಾಗಿಯೇ ಉಳಿಯುತ್ತವೆ. ಈ ಟ್ರ್ಯಾಕರ್‌ನಲ್ಲಿ ಪ್ಯಾನ್ (ಅಡ್ಡ ಚಲನೆ), ಟಿಲ್ಟ್ (ಮೇಲೆ ಕೆಳಗಿನ ಚಲನೆ), ಜೂಮ್ (ಗಾತ್ರ), ರೊಟೇಟ್ (ತಿರುವು), ಪರ್ಸ್‌ಪೆಕ್ಟಿವ್ (ಓರೆಯಾಗುವಿಕೆ) ಎಂಬ ಆಯ್ಕೆಗಳಿವೆ. ತಲೆ ಅಷ್ಟಾಗಿ ತಿರುಗದ ಸಂದರ್ಶನದ ಶಾಟ್‌ಗಳಲ್ಲಿ ಜೂಮ್ ಮತ್ತು ಪರ್ಸ್‌ಪೆಕ್ಟಿವ್‌ಗಳನ್ನು ತೆಗೆದುಬಿಟ್ಟರೆ ಕಿಟಕಿಯ ನಡುಕ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಅಗತ್ಯವಿಲ್ಲದ ಸ್ವಾತಂತ್ರ್ಯ ಕೊಟ್ಟಷ್ಟೂ ಟ್ರ್ಯಾಕರ್ ನಾಯ್ಸನ್ನೇ ಚಲನೆ ಎಂದು ತಿಳಿಯುತ್ತದೆ. ಕಿಟಕಿಯೊಳಗೆ ಮಿಡ್‌ಟೋನ್ ಡೀಟೇಲ್ (ನಡುಛಾಯೆಗಳ ಸೂಕ್ಷ್ಮ ವಿವರ) ತಗ್ಗಿಸಿ ಉಬ್ಬನ್ನೂ ಮೆತ್ತಗೆ ಮಾಡಬಹುದು, ಆದರೆ ಕ್ಲೋಸಪ್‌ನಲ್ಲಿ ಆ ಜಾಗ ಮಸುಕಾದ ಗುಂಡು ಚುಕ್ಕೆಯಂತೆ ಎದ್ದುಕಾಣುವ ಅಪಾಯವಿದೆ.

ಇದರ ನಂತರದ್ದು ಪಾಯಿಂಟ್ ಟ್ರ್ಯಾಕಿಂಗ್‌ಗೆ ಕಟ್ಟಿದ ತೇಪೆ. ವಿಡಿಯೋದ ಇನ್ನೊಂದು ಪ್ರತಿಯನ್ನು ಮೇಲಿನ ಪದರದಲ್ಲಿಟ್ಟು, ಮೊಡವೆಯಿಂದ ತುಸು ದೂರದ ಶುಭ್ರ ಚರ್ಮವು ಮೊಡವೆಯ ಮೇಲೆ ಬರುವಂತೆ ಸರಿಸಿ, ಮೃದು ಅಂಚಿನ ಮಾಸ್ಕ್‌ನಿಂದ ಅಷ್ಟನ್ನೇ ಉಳಿಸಿಕೊಂಡು, ಆ ಮಾಸ್ಕನ್ನು ಟ್ರ್ಯಾಕ್‌ಗೆ ಕಟ್ಟುವ ಕ್ರಮ ಇದು. ಇದರ ದೊಡ್ಡ ಗುಣವೆಂದರೆ ತೇಪೆ ಪ್ರತಿ ಫ್ರೇಮಿನಲ್ಲೂ ಅದೇ ಫ್ರೇಮಿನ ಚರ್ಮದಿಂದ ಬರುತ್ತದೆ. ಆದ್ದರಿಂದ ನಾಯ್ಸ್ ಜೀವಂತವಾಗಿರುತ್ತದೆ, ಮುಖ ನೆರಳಿಗೆ ಹೋದಾಗ ತೇಪೆಯೂ ನೆರಳಿಗೆ ಹೋಗುತ್ತದೆ, ಚಲನೆಯಿಂದ ಚಿತ್ರ ಮಸುಕಾದಾಗ ಅದೂ ಮಸುಕಾಗುತ್ತದೆ. ರಿಸಾಲ್ವ್‌ನಲ್ಲಿರುವ ಪ್ಯಾಚ್ ರಿಪ್ಲೇಸರ್ ಎಂಬ ಸಾಧನ ಇದೇ ಕೆಲಸವನ್ನು ಎರಡು ಆಕಾರಗಳಿಂದ ಮಾಡುತ್ತದೆ. ತೇಪೆಯನ್ನು ಎಲ್ಲಿಂದ ತರಬೇಕು ಎಂಬುದರಲ್ಲಿ ವಿವೇಕ ಬೇಕು: ಬೆಳಕು ಎಡದಿಂದ ಬಲಕ್ಕೆ ಕುಂದುತ್ತಿರುವ ಕೆನ್ನೆಯಲ್ಲಿ ತೇಪೆಯನ್ನು ಮೇಲಿನಿಂದ ಅಥವಾ ಕೆಳಗಿನಿಂದ ತರಬೇಕೇ ಹೊರತು ಪಕ್ಕದಿಂದಲ್ಲ, ಏಕೆಂದರೆ ಪಕ್ಕದ ಚರ್ಮದ ಹೊಳಪು ಬೇರೆಯದಾಗಿರುತ್ತದೆ. ನನ್ನ ದೃಷ್ಟಿಯಲ್ಲಿ ಉಬ್ಬಿದ ಒಂಟಿ ಮೊಡವೆಗೆ ಇದಕ್ಕಿಂತ ಮಿಗಿಲಾದ ಉಪಾಯವಿಲ್ಲ, ಮತ್ತು ಹೆಚ್ಚು ದುಬಾರಿ ವಿಧಾನಗಳ ಕಡೆಗೆ ಧಾವಿಸುವವರಲ್ಲಿ ಅನೇಕರು ಇದನ್ನು ಸರಿಯಾಗಿ ಪ್ರಯತ್ನಿಸಿಯೇ ಇರುವುದಿಲ್ಲ.

ಪಾಯಿಂಟ್ ಟ್ರ್ಯಾಕಿಂಗ್‌ನ ಮಿತಿಯೂ ಸ್ಪಷ್ಟ. ಒಂದು ಬಿಂದು ಸ್ಥಾನವನ್ನಷ್ಟೇ ಹೇಳುತ್ತದೆ. ಎರಡು ಬಿಂದುಗಳಿದ್ದರೆ ತಿರುವು ಮತ್ತು ಗಾತ್ರ ಸಿಗುತ್ತವೆ, ನಾಲ್ಕಿದ್ದರೆ ಪರ್ಸ್‌ಪೆಕ್ಟಿವ್ ಸಿಗುತ್ತದೆ. ಮುಖದ ಮೇಲೆ ನಾಲ್ಕು ಗಟ್ಟಿ ಬಿಂದುಗಳು ಒಂದೇ ಸಮತಲದಲ್ಲಿ ಸಿಗುವುದು ಅಪರೂಪ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪ್ರತಿ ಫ್ರೇಮಿಗೂ ಮಾದರಿಯನ್ನು ಹೊಸದಾಗಿ ತೆಗೆದುಕೊಳ್ಳುವ ಆಯ್ಕೆಯಿದೆ. ಅದು ಮುಖ ತಿರುಗಿದಾಗ ಟ್ರ್ಯಾಕ್ ಕಳೆದುಹೋಗದಂತೆ ಕಾಪಾಡುತ್ತದೆ, ಆದರೆ ಪ್ರತಿ ಹೆಜ್ಜೆಯ ಸಣ್ಣ ತಪ್ಪು ಕೂಡುತ್ತಾ ಹೋಗಿ ಕೊನೆಗೆ ತೇಪೆ ಮೊಡವೆಯಿಂದಲೇ ದೂರ ಸರಿಯುತ್ತದೆ. ಚಿಕ್ಕ ಶಾಟ್‌ಗೆ ಅದು ಸರಿ. ಉದ್ದನೆಯ ಶಾಟ್‌ಗೆ, ಮಾದರಿ ಸರಿಯಾಗಿ ಹೊಂದಿದೆ ಎಂಬ ಟ್ರ್ಯಾಕರ್‌ನ ನಂಬಿಕೆಯ ಪ್ರಮಾಣ ಕುಸಿದಾಗ ಮಾತ್ರ ಮಾದರಿ ಬದಲಿಸುವಂತೆ ಹೇಳುವುದು ಮೇಲು.

ಮೂರನೆಯದು ಪ್ಲೇನಾರ್ ಟ್ರ್ಯಾಕಿಂಗ್. ಒಂದು ಬಿಂದುವಿನ ಬದಲು ಒಂದು ಪ್ರದೇಶದ ಇಡೀ ರಚನೆಯನ್ನು ಹಿಡಿದು, ಅದೊಂದು ಚಪ್ಪಟೆ ಹಾಳೆ ಎಂದು ಭಾವಿಸಿ, ಅದರ ಓರೆ ತಿರುವುಗಳನ್ನು ಇದು ಲೆಕ್ಕಹಾಕುತ್ತದೆ. ಮೋಕಾ ಈ ಕ್ಷೇತ್ರದ ಹೆಸರಾಂತ ತಂತ್ರಾಂಶ. ಇಂಗ್ಲೆಂಡಿನ ಇಮ್ಯಾಜಿನೀರ್ ಸಿಸ್ಟಮ್ಸ್ ಕಟ್ಟಿದ ಇದಕ್ಕೆ 2013ರಲ್ಲಿ ಆಸ್ಕರ್ ಅಕಾಡೆಮಿಯ ವಿಜ್ಞಾನ-ತಂತ್ರಜ್ಞಾನ ವಿಭಾಗದ ಪ್ರಶಸ್ತಿ ಬಂದಿತು, ಮುಂದಿನ ವರ್ಷ ಸಂಸ್ಥೆ ಬೋರಿಸ್ ಎಫ್‌ಎಕ್ಸ್‌ಗೆ ಸೇರಿತು. ಹಣೆಗೆ ಪ್ಲೇನಾರ್ ಟ್ರ್ಯಾಕಿಂಗ್ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಹಣೆಯ ಮಧ್ಯಭಾಗ ಸುಮಾರಾಗಿ ಚಪ್ಪಟೆ, ಅದರ ಕೆಳಗಿನ ಮೂಳೆ ಅಲುಗುವುದಿಲ್ಲ. ಹುಬ್ಬೇರಿಸಿ ಮಾತನಾಡುವವರ ಹಣೆಗೆ ಈ ಮಾತು ಅನ್ವಯಿಸುವುದಿಲ್ಲ. ಕೆನ್ನೆ, ಗಲ್ಲ, ಬಾಯಿಯ ಸುತ್ತಲಿನ ಪ್ರದೇಶ ಮಾತಿನ ಜೊತೆಗೆ ಹಿಗ್ಗುವುದರಿಂದ ಅಲ್ಲಿ ದೊಡ್ಡ ಪ್ರದೇಶ ಹಿಡಿದರೆ ಸೋಲು ಖಚಿತ. ಮೊಡವೆಯ ಸುತ್ತ ಅದರ ನಾಲ್ಕೈದು ಪಟ್ಟು ಅಗಲದ ಪ್ರದೇಶವನ್ನಷ್ಟೇ ಹಿಡಿದು, ಹೊಳಪಿನ ಜಾಗಗಳನ್ನು ಹೊರಗಿಡಬೇಕು. ಹೊಳಪು ಚರ್ಮದ ಜೊತೆ ಚಲಿಸುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಬೆವರಿದ ಮೂಗಿನ ಮೇಲಿನ ಮಿಂಚು ದೀಪ, ಚರ್ಮ, ಕ್ಯಾಮೆರಾಗಳ ನಡುವಿನ ಕೋನಕ್ಕೆ ಬದ್ಧವಾಗಿರುವುದರಿಂದ ತಲೆ ತಿರುಗಿದಾಗ ಅದು ಚರ್ಮದ ಮೇಲೆ ಜಾರುತ್ತದೆ, ಟ್ರ್ಯಾಕರನ್ನೂ ತನ್ನ ಜೊತೆಗೆ ಎಳೆದೊಯ್ಯುತ್ತದೆ.

ನಾಲ್ಕನೆಯ ಗುಂಪಿನಲ್ಲಿ ಮೆಶ್ ಟ್ರ್ಯಾಕಿಂಗ್ ಮತ್ತು ವೆಕ್ಟರ್ ವಿಧಾನಗಳಿವೆ. ಮೋಕಾ ಪ್ರೊದ 2020ರ ಆವೃತ್ತಿಯೊಂದಿಗೆ ಬಂದ ಪವರ್‌ಮೆಶ್, ಮೊದಲು ಪ್ಲೇನಾರ್ ಟ್ರ್ಯಾಕ್ ಮಾಡಿದ ಪ್ರದೇಶದೊಳಗೆ ತ್ರಿಕೋನಗಳ ಜಾಲ ಹೆಣೆದು, ಒಂದೊಂದು ಗಂಟನ್ನೂ ಬೇರೆಬೇರೆಯಾಗಿ ಹಿಂಬಾಲಿಸುತ್ತದೆ; ಹೀಗಾಗಿ ನಗುವಾಗ ಉಬ್ಬುವ ಕೆನ್ನೆಯನ್ನೂ ಅದು ಹಿಡಿಯಬಲ್ಲದು. ನ್ಯೂಕ್‌ನ ಮೇಲ್ದರ್ಜೆಯ ಆವೃತ್ತಿಯಾದ ನ್ಯೂಕ್‌ಎಕ್ಸ್‌ನ ಸ್ಮಾರ್ಟ್‌ವೆಕ್ಟರ್ ಪ್ರತಿ ಪಿಕ್ಸೆಲ್‌ನ ಚಲನೆಯನ್ನು ಮೊದಲೇ ಲೆಕ್ಕಹಾಕಿಟ್ಟುಕೊಂಡು, ನಾವು ಒಂದು ಫ್ರೇಮಿನಲ್ಲಿ ಬಳಿದ ಬಣ್ಣವನ್ನು ಉಳಿದ ಫ್ರೇಮ್‌ಗಳಿಗೆ ಬಾಗಿಸಿ ಕೊಂಡೊಯ್ಯುತ್ತದೆ. ಇಪ್ಪತ್ತು ಮೂವತ್ತು ಮೊಡವೆಗಳಿರುವ ಮುಖಕ್ಕೆ ಇವು ನಿಜವಾದ ವರದಾನ, ಏಕೆಂದರೆ ಪ್ರತಿಯೊಂದಕ್ಕೂ ಬೇರೆ ಟ್ರ್ಯಾಕ್ ಮಾಡುವ ಬದಲು ಇಡೀ ಕೆನ್ನೆಯನ್ನು ಒಮ್ಮೆ ಬಳಿದರೆ ಆಯಿತು. ಆದರೆ ತಪ್ಪನ್ನು ಅತ್ಯಂತ ಕಡಿಮೆ ಸಹಿಸುವವುಗಳೂ ಇವೇ. ಆಧಾರ ಫ್ರೇಮಿನಿಂದ ದೂರ ಹೋದಂತೆ ಬಳಿದ ಚರ್ಮ ಹರಿದಾಡತೊಡಗುತ್ತದೆ. ಶಾಟ್‌ನ ಮೊದಲ ಫ್ರೇಮಿನ ಬದಲು, ಮುಖ ಅತ್ಯಂತ ನೇರವಾಗಿ ಮತ್ತು ದೊಡ್ಡದಾಗಿ ಕಾಣುವ ನಡುವಿನ ಫ್ರೇಮನ್ನು ಆರಿಸಿ, ಅಲ್ಲಿಂದ ಎರಡೂ ದಿಕ್ಕಿಗೆ ಹರಡಿದರೆ ಈ ದೂರ ಅರ್ಧಕ್ಕೆ ಇಳಿಯುತ್ತದೆ. ಒಂದೇ ಫ್ರೇಮಿನಿಂದ ಬಂದ ಚರ್ಮದಲ್ಲಿ ನಾಯ್ಸ್ ಹೆಪ್ಪುಗಟ್ಟಿರುವುದು ಇನ್ನೊಂದು ತೊಡಕು. ಸುತ್ತಲೂ ಕಣಗಳು ಮಿನುಗುತ್ತಿರುವಾಗ ಆ ತುಣುಕು ಮಾತ್ರ ಸ್ತಬ್ಧವಾಗಿ ಗಾಜಿನಂತಾಗುತ್ತದೆ. ಬಣ್ಣ ಬಳಿಯುವ ಮೊದಲು ನಾಯ್ಸ್ ತೆಗೆದು, ಕೊನೆಯಲ್ಲಿ ಅಳತೆಗೆ ತಕ್ಕ ಗ್ರೇನ್ (ಮಿನುಗುವ ಕಣಗಳು) ಸೇರಿಸುವುದು ಇಲ್ಲಿ ಐಚ್ಛಿಕವಲ್ಲ, ಕಡ್ಡಾಯ.

ನ್ಯೂಕ್‌ಎಕ್ಸ್‌ಗೆ 2021ರಲ್ಲಿ ಸೇರಿದ ಕಾಪಿಕ್ಯಾಟ್ ಬೇರೆಯೇ ದಾರಿ ಹಿಡಿಯುತ್ತದೆ. ಕಲಾವಿದರು ಕೆಲವೇ ಫ್ರೇಮ್‌ಗಳನ್ನು ಕೈಯಿಂದ ತಿದ್ದಿ, ಮೂಲ ಮತ್ತು ತಿದ್ದಿದ ಜೋಡಿಗಳನ್ನು ಕೊಟ್ಟರೆ, ಅದು ಆ ಒಂದು ಶಾಟ್‌ಗಾಗಿಯೇ ಸಣ್ಣ ನರಜಾಲವನ್ನು ತರಬೇತುಗೊಳಿಸಿ ಉಳಿದ ಫ್ರೇಮ್‌ಗಳನ್ನು ತಾನೇ ತಿದ್ದುತ್ತದೆ. ಇಲ್ಲಿ ಟ್ರ್ಯಾಕಿಂಗ್ ಎಂಬುದೇ ಇಲ್ಲ, ಜಾರುವ ಪ್ರಶ್ನೆಯೂ ಇಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಮತ್ತು ತರಬೇತಿಗೆ ಕಾಯುವ ತಾಳ್ಮೆ ಬೇಕು. ಒಬ್ಬರೇ ಕೂತು ಮಾಡುವ ಸಣ್ಣ ಕೆಲಸಗಳಿಗೆ ಇದು ಹೊರೆಯಾಗುತ್ತದೆ.

ಇನ್ನು ಇಡೀ ಮುಖವನ್ನು ತಾನಾಗಿಯೇ ಗುರುತಿಸಿ ನುಣುಪುಗೊಳಿಸುವ ಸಾಧನಗಳು: ರಿಸಾಲ್ವ್‌ನ ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯ ಫೇಸ್ ರಿಫೈನ್‌ಮೆಂಟ್, ಡಿಜಿಟಲ್ ಅನಾರ್ಕಿಯ ಬ್ಯೂಟಿ ಬಾಕ್ಸ್, ಮೊಬೈಲ್ ಆ್ಯಪ್‌ಗಳ ಬ್ಯೂಟಿ ಫಿಲ್ಟರ್‌ಗಳು. ಇವುಗಳಲ್ಲಿ ಕೆಲವು ಮುಖದ ಮೇಲೆ ನಿಗದಿತ ಗುರುತುಗಳನ್ನು ಅಂದಾಜಿಸುತ್ತವೆ. ಉದಾಹರಣೆಗೆ ಗೂಗಲ್‌ನ ಮೀಡಿಯಾಪೈಪ್ ಫೇಸ್ ಮೆಶ್ 468 ಬಿಂದುಗಳನ್ನು ಕೊಡುತ್ತದೆ. ಆ ಬಿಂದುಗಳು ಮುಖದ ಆಕಾರದ ಅಂದಾಜುಗಳೇ ಹೊರತು ಈ ವ್ಯಕ್ತಿಯ ಚರ್ಮದ ಈ ರಂಧ್ರಕ್ಕೆ ಅಂಟಿದವಲ್ಲ. ಕೆನ್ನೆಗೆ ಹಗುರವಾದ ಬಣ್ಣ ಲೇಪಿಸಲು ಅಷ್ಟು ಸಾಕು. ಒಂದು ಮೊಡವೆಯ ಮೇಲೆ ತೇಪೆ ಕೂರಿಸಲು ಸಾಲದು. ಸಮಯವಿಲ್ಲದಿದ್ದಾಗ, ಮುಖ ಚಿಕ್ಕದಾಗಿದ್ದಾಗ, ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ನೂರಾರು ಶಾಟ್‌ಗಳಿದ್ದಾಗ ಇವುಗಳನ್ನು ಕಡಿಮೆ ಪ್ರಮಾಣದಲ್ಲಿ ಬಳಸುವುದಕ್ಕೆ ನನ್ನ ವಿರೋಧವಿಲ್ಲ. ಒಂದು ಮೊಡವೆಗಾಗಿ ಇಡೀ ಮುಖದ ಚರ್ಮವನ್ನು ಮೇಣವಾಗಿಸುವುದಕ್ಕೆ ಮಾತ್ರ ವಿರೋಧವಿದೆ. ಚರ್ಮದ ರಂಧ್ರಗಳು, ನಗುವಿನ ಗೆರೆಗಳು, ಮೀಸೆಯ ಕೆಳಗಿನ ಕುರುಚಲು ಇವೆಲ್ಲ ಹೋದ ಮೇಲೆ ಉಳಿಯುವ ಮುಖ ಆ ವ್ಯಕ್ತಿಯದ್ದಲ್ಲ.

ಮದುವೆಯ ವಿಡಿಯೋಗಳು

ಕರ್ನಾಟಕದಲ್ಲಿ ಈ ಬಗೆಯ ತಿದ್ದುಪಡಿಯನ್ನು ಅತಿ ಹೆಚ್ಚು ಕೇಳುವವರಲ್ಲಿ ಮದುವೆ ಮನೆಯವರು ಸೇರಿದ್ದಾರೆ, ಮತ್ತು ಟ್ರ್ಯಾಕರ್‌ಗೆ ಮಂಟಪದಷ್ಟು ಕಠಿಣವಾದ ಜಾಗ ಇನ್ನೊಂದಿಲ್ಲ. ಹಣೆಗೆ ಕಟ್ಟಿದ ಬಾಸಿಂಗದ ಎಳೆಗಳು ಮುಖದ ಮುಂದೆ ತೂಗಾಡುತ್ತವೆ, ಅಕ್ಷತೆ ಬೀಳುತ್ತದೆ, ಹೋಮದ ಹೊಗೆ ಕಾಂಟ್ರಾಸ್ಟ್ ಕುಗ್ಗಿಸುತ್ತದೆ, ವಿಡಿಯೋ ದೀಪಕ್ಕೆ ಬೆವರು ಮಿಂಚುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಛಾಯಾಗ್ರಾಹಕರ ಫ್ಲಾಶ್. ತಾಳಿ ಕಟ್ಟುವ ಆ ಕೆಲವು ಸೆಕೆಂಡುಗಳಲ್ಲಿ ಫ್ಲಾಶ್‌ಗಳು ಮೇಲಿಂದ ಮೇಲೆ ಸಿಡಿಯುತ್ತವೆ. ವಿಡಿಯೋ ಕ್ಯಾಮೆರಾದ ಸಂವೇದಕ ಸಾಲು ಸಾಲಾಗಿ ಚಿತ್ರ ಓದುವುದರಿಂದ ಬೆಳಕು ಫ್ರೇಮಿನ ಅರ್ಧಕ್ಕೆ ಮಾತ್ರ ಬಿದ್ದು ಉಳಿದರ್ಧ ಎಂದಿನಂತಿರುತ್ತದೆ. ಹಿಂದಿನ ಫ್ರೇಮಿಗೂ ಇದಕ್ಕೂ ಹೋಲಿಕೆಯೇ ಇಲ್ಲವಾಗಿ ಟ್ರ್ಯಾಕರ್ ಎಲ್ಲಿಗೋ ಹಾರುತ್ತದೆ.

ಇಂತಹ ಶಾಟ್‌ನಲ್ಲಿ ಮೆಶ್ ಅಥವಾ ವೆಕ್ಟರ್ ವಿಧಾನಗಳನ್ನು ಆರಿಸಿದರೆ ಪ್ರತಿ ಫ್ಲಾಶ್‌ನ ನಂತರವೂ ಬಳಿದ ಚರ್ಮ ಹರಿಯುತ್ತದೆ. ಫ್ಲಾಶ್ ಬಿದ್ದ ಫ್ರೇಮಿನ ತಪ್ಪು ಕೀಫ್ರೇಮ್‌ಗಳನ್ನು (ಟ್ರ್ಯಾಕರ್ ದಾಖಲಿಸಿದ ಸ್ಥಾನಗಳನ್ನು) ಅಳಿಸಿ, ಹಿಂದಿನ ಮತ್ತು ಮುಂದಿನ ಸ್ಥಾನಗಳ ನಡುವೆ ಸರಳ ರೇಖೆಯಲ್ಲಿ ಸಾಗುವಂತೆ ಬಿಡುವುದು ಪಾಯಿಂಟ್ ಟ್ರ್ಯಾಕಿಂಗ್‌ನಲ್ಲಿ ಬಲು ಸುಲಭ. ಒಂದು ಫ್ರೇಮಿನಷ್ಟು ಕಾಲದಲ್ಲಿ ತಲೆ ಅಷ್ಟೇನೂ ಚಲಿಸಿರುವುದಿಲ್ಲ. ಎಳೆಗಳು ಮುಖದ ಮುಂದೆ ಹಾಯುವಾಗ ತೇಪೆ ಅವುಗಳ ಮೇಲೆ ಬಾರದಂತೆ ಆ ಕೆಲವು ಫ್ರೇಮ್‌ಗಳಲ್ಲಿ ತಿದ್ದುಪಡಿಯನ್ನೇ ಕುಗ್ಗಿಸಿ ಮತ್ತೆ ಏರಿಸಬಹುದು. ನೋಡುಗರ ಕಣ್ಣು ಆಗ ಎಳೆಯ ಮೇಲಿರುತ್ತದೆ. ಆದ್ದರಿಂದ ಮದುವೆಯ ಕೆಲಸಕ್ಕೆ ನನ್ನ ಶಿಫಾರಸು ಪವರ್ ವಿಂಡೋ ಮತ್ತು ತೇಪೆ, ಇವೆರಡೇ.

ಕಂಪ್ರೆಷನ್‌ನ ಪ್ರಭಾವವನ್ನೂ ಇಲ್ಲಿಯೇ ಹೇಳಬೇಕು. ಹೆಚ್ಚಿನ ಕ್ಯಾಮೆರಾಗಳು ಮತ್ತು ಫೋನ್‌ಗಳು ಸಾಮಾನ್ಯವಾಗಿ ಬರೆಯುವ 4:2:0 ವಿಡಿಯೋದಲ್ಲಿ ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧದಷ್ಟೇ ಇರುತ್ತದೆ. 6 ಪಿಕ್ಸೆಲ್ ಅಗಲದ ಮೊಡವೆಗೆ ಬಣ್ಣದ 3 ಮಾದರಿಗಳಷ್ಟೇ ಸಿಗುತ್ತವೆ, ಅದರ ಕೆಂಪು ಸುತ್ತಲಿನ ಚರ್ಮಕ್ಕೂ ಹರಡಿರುತ್ತದೆ. ಹೀಗಾಗಿ ಬಣ್ಣ ತಿದ್ದುವ ಕಿಟಕಿಯನ್ನು ಕಣ್ಣಿಗೆ ಕಾಣುವ ಅಂಚಿಗಿಂತ ಒಂದಷ್ಟು ಅಗಲವಾಗಿಯೇ ಇಡಬೇಕು. ಕೆಲಸ ಆರಂಭಿಸುವ ಮೊದಲೇ ತಿದ್ದುಪಡಿ ಬೇಕಾಗಬಹುದೆಂದು ಗೊತ್ತಿದ್ದರೆ, ಬಣ್ಣದ ಮಾಹಿತಿ ಹೆಚ್ಚು ಉಳಿಯುವ 10 ಬಿಟ್ 4:2:2ರಲ್ಲಿ ಚಿತ್ರೀಕರಿಸುವುದರಿಂದ ಮುಂದಿನ ಪ್ರತಿಯೊಂದು ಹೆಜ್ಜೆಯೂ ಹಗುರವಾಗುತ್ತದೆ. 4ಕೆಯಲ್ಲಿ ಚಿತ್ರೀಕರಿಸಿ 1080ರಲ್ಲಿ ಕೊಡುವುದಾದರೆ ಇನ್ನೂ ಒಂದು ಲಾಭವಿದೆ: 4ಕೆಯಲ್ಲಿ 2 ಪಿಕ್ಸೆಲ್ ಆದ ಜಾರಿಕೆ ಕೊನೆಯ ಪ್ರತಿಯಲ್ಲಿ 1 ಪಿಕ್ಸೆಲ್‌ಗೆ ಇಳಿಯುತ್ತದೆ.

ಈಗ ತಂತ್ರಾಂಶ

ಹಣ ಹೂಡದೆ ಆರಂಭಿಸುವವರಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನೇ ಸೂಚಿಸುತ್ತೇನೆ. ಪವರ್ ವಿಂಡೋ ಟ್ರ್ಯಾಕಿಂಗ್ ಅದರಲ್ಲಿ ಪೂರ್ಣವಾಗಿದೆ, 2018ರ 15ನೆಯ ಆವೃತ್ತಿಯಿಂದ ಫ್ಯೂಷನ್ ಪುಟವೂ ಅದರೊಳಗೇ ಬಂದಿರುವುದರಿಂದ ಟ್ರ್ಯಾಕರ್ ಮತ್ತು ಪೇಂಟ್ ನೋಡ್‌ಗಳಿಂದ ತೇಪೆಯ ಕೆಲಸವನ್ನೂ ಮಾಡಬಹುದು. 295 ಅಮೆರಿಕನ್ ಡಾಲರ್‌ನ ಸ್ಟುಡಿಯೋ ಆವೃತ್ತಿಯನ್ನು ಒಮ್ಮೆ ಕೊಂಡರೆ ತಿಂಗಳ ಬಾಡಿಗೆಯಿಲ್ಲ. ಬಿಡಿಯಾಗಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. ಈಗಾಗಲೇ ಅಡೋಬಿಯ ಚಂದಾದಾರರಾಗಿರುವವರು ಬೇರೆಡೆ ಹೋಗಬೇಕಾಗಿಲ್ಲ. ಆಫ್ಟರ್ ಎಫೆಕ್ಟ್ಸ್ ಜೊತೆಗೇ ಬರುವ ಮೋಕಾ ಎಇ ಪ್ಲೇನಾರ್ ಟ್ರ್ಯಾಕಿಂಗ್‌ಗೆ ಸಾಕು, ಪವರ್‌ಮೆಶ್ ಬೇಕಾದರೆ ಮಾತ್ರ ಮೋಕಾ ಪ್ರೊವನ್ನು ಬೇರೆಯಾಗಿ ಪಡೆಯಬೇಕು. ನ್ಯೂಕ್ ಕಲಿಯಲು ಬಯಸುವವರಿಗೆ ಉಚಿತ ಆವೃತ್ತಿಯಿದೆ, ಆದರೆ ಅದನ್ನು ಹಣ ಪಡೆಯುವ ಕೆಲಸಕ್ಕೆ ಬಳಸುವಂತಿಲ್ಲ. 3ಡಿ ತಂತ್ರಾಂಶವಾದ ಬ್ಲೆಂಡರ್‌ನಲ್ಲಿಯೂ ಬಲವಾದ ಟ್ರ್ಯಾಕರ್ ಇದೆ, ಸಂಪೂರ್ಣ ಉಚಿತವೂ ಹೌದು. ಚರ್ಮ ತಿದ್ದುವ ಕೆಲಸಕ್ಕೆ ಮಾತ್ರ ಅದರ ದಾರಿ ಸುತ್ತುಬಳಸಿನದು.

ಯಾವ ತಂತ್ರಾಂಶವನ್ನೇ ಆರಿಸಿದರೂ ಒಂದು ಉಪಾಯ ಎಲ್ಲೆಡೆ ಉಪಯೋಗಕ್ಕೆ ಬರುತ್ತದೆ. ಸಿಕ್ಕ ಟ್ರ್ಯಾಕನ್ನು ತಿರುಗುಮುರುಗಾಗಿ ಬಳಸಿ ಮುಖವನ್ನೇ ನಿಲ್ಲಿಸಬೇಕು: ಮೊಡವೆ ಪರದೆಯ ಒಂದೇ ಜಾಗದಲ್ಲಿ ಕದಲದೆ ನಿಂತು, ಹಿನ್ನೆಲೆ ಅಲುಗಾಡುತ್ತದೆ. ಆ ಸ್ಥಿರ ಚಿತ್ರದ ಮೇಲೆ ತಿದ್ದುಪಡಿ ಮಾಡಿ, ನಂತರ ಚಲನೆಯನ್ನು ಮರಳಿ ಸೇರಿಸಬೇಕು. ಇದರ ಲಾಭ ಎರಡು ಬಗೆಯದು. ಕುಂಚ ಹಿಡಿಯುವುದು ಸುಲಭವಾಗುತ್ತದೆ. ಟ್ರ್ಯಾಕ್ ಎಲ್ಲಿ ಜಾರಿದೆ ಎಂಬುದೂ ತಕ್ಷಣ ಕಣ್ಣಿಗೆ ಬೀಳುತ್ತದೆ, ಏಕೆಂದರೆ ನಿಂತಿರಬೇಕಾದ ಚರ್ಮ ಅಲ್ಲಿ ಅಲುಗುತ್ತದೆ. ಚಿತ್ರವನ್ನು ಹೀಗೆ ಎರಡು ಬಾರಿ ಸರಿಸುವುದರಿಂದ ಒಟ್ಟು ಚಿತ್ರ ತುಸು ಮಸುಕಾಗುತ್ತದೆ. ಆದ್ದರಿಂದ ಮರಳಿ ಬಂದ ಚಿತ್ರದಲ್ಲಿ ತಿದ್ದಿದ ತುಣುಕನ್ನಷ್ಟೇ ಕತ್ತರಿಸಿ ಮೂಲದ ಮೇಲೆ ಕೂರಿಸಬೇಕು.

ಏನನ್ನು ತಿದ್ದಬಾರದು?

ಇದನ್ನು ತಾಂತ್ರಿಕ ಮಾರ್ಗದರ್ಶಿಯ ಹೊರಗಿನ ವಿಷಯವೆಂದು ಭಾವಿಸುವವರಿದ್ದಾರೆ, ನಾನು ಹಾಗೆ ಭಾವಿಸುವುದಿಲ್ಲ. ಇಂದು ಇದ್ದು ಮುಂದಿನ ವಾರ ಹೋಗುವ ಮೊಡವೆ, ಕ್ಷೌರದ ಗಾಯ, ಸೊಳ್ಳೆಯ ಗುರುತು ಇವುಗಳನ್ನು ತೆಗೆಯಬಹುದು. ಹುಟ್ಟು ಮಚ್ಚೆ, ಹಳೆಯ ಗಾಯದ ಗುರುತು, ತೊನ್ನು, ಇವು ಆ ವ್ಯಕ್ತಿಯ ಚಹರೆಯ ಭಾಗ. ಅವರು ತಾವಾಗಿ ಕೇಳದ ಹೊರತು ಮುಟ್ಟಬಾರದು, ಮನೆಯವರು ಕೇಳಿದರೂ ಅವರನ್ನೇ ಕೇಳಿ ಮುಂದುವರಿಯಬೇಕು. ತಿದ್ದುಪಡಿಯ ಹೆಸರಿನಲ್ಲಿ ಮೈಬಣ್ಣವನ್ನು ಬೆಳ್ಳಗಾಗಿಸುವುದನ್ನಂತೂ ನಿರಾಕರಿಸುವ ಧೈರ್ಯ ನಮಗಿರಬೇಕು. ಜಾಹೀರಾತಿನ ಕೆಲಸ ಮಾಡುವವರಿಗೆ ಇದು ಕಾನೂನಿನ ವಿಷಯವೂ ಆಗುತ್ತಿದೆ: ನಾರ್ವೆಯಲ್ಲಿ 2022ರ ಜುಲೈ 1ರಿಂದ, ದೇಹದ ಆಕಾರ, ಗಾತ್ರ ಅಥವಾ ಚರ್ಮವನ್ನು ತಿದ್ದಿದ ಜಾಹೀರಾತುಗಳ ಮೇಲೆ ಹಾಗೆಂದು ಗುರುತು ಹಾಕುವುದು ಕಡ್ಡಾಯವಾಗಿದೆ.

ಪರಿಶೀಲನೆ

ಮುಗಿದ ಶಾಟನ್ನು ನಿಲ್ಲಿಸಿದ ಫ್ರೇಮಿನಲ್ಲಿ ನೋಡಿ ತೃಪ್ತಿಪಡಬಾರದು, ಏಕೆಂದರೆ ಟ್ರ್ಯಾಕಿಂಗ್‌ನ ತಪ್ಪು ಚಲನೆಯಲ್ಲಿ ಮಾತ್ರ ಕಾಣುತ್ತದೆ. ಮೊದಲು ನಿಜವಾದ ವೇಗದಲ್ಲಿ, ನಂತರ ಅರ್ಧ ವೇಗದಲ್ಲಿ, ಆಮೇಲೆ ಎಡಬಲ ಅದಲುಬದಲು ಮಾಡಿ ನೋಡಬೇಕು. ಗಂಟೆಗಟ್ಟಲೆ ಅದೇ ಮುಖ ನೋಡಿ ಒಗ್ಗಿದ ಕಣ್ಣಿಗೆ ಈ ಅದಲುಬದಲು ಹೊಸ ನೋಟ ಕೊಡುತ್ತದೆ. ಮೂಲವನ್ನೂ ತಿದ್ದಿದ್ದನ್ನೂ, ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ ಡಿಫರೆನ್ಸ್ ಮೋಡ್‌ನಲ್ಲಿ ಒಂದರ ಮೇಲೊಂದು ಇಟ್ಟು ಹೊಳಪು ಏರಿಸಿದರೆ, ಕಪ್ಪು ಪರದೆಯ ಮೇಲೆ ತಿದ್ದುಪಡಿಗಳಷ್ಟೇ ಬೆಳಗುತ್ತವೆ, ಅವುಗಳಲ್ಲಿ ಯಾವುದು ನಡುಗುತ್ತಿದೆ ಎಂಬುದು ಒಮ್ಮೆಲೇ ತಿಳಿಯುತ್ತದೆ. ನಡುಗುವ ತೇಪೆಯನ್ನು ಮತ್ತೆ ಟ್ರ್ಯಾಕ್ ಮಾಡುವ ಮೊದಲು ಅದರ ಒಪಾಸಿಟಿಯನ್ನು (ತೇಪೆ ಎಷ್ಟು ದಟ್ಟವಾಗಿ ಮುಚ್ಚುತ್ತದೆ ಎಂಬುದನ್ನು) ಶೇಕಡಾ 100ರಿಂದ 70ರ ಆಸುಪಾಸಿಗೆ ಇಳಿಸಿ ನೋಡಿ. ಮೊಡವೆಯ ಎದ್ದುಕಾಣುವಿಕೆ ಹೋಗಿ ಸಣ್ಣ ಗುರುತಷ್ಟೇ ಉಳಿಯುತ್ತದೆ, ನಡುಕವೂ ಅಷ್ಟೇ ಪ್ರಮಾಣದಲ್ಲಿ ಮರೆಯಾಗುತ್ತದೆ, ಮತ್ತು ಹೆಚ್ಚಿನ ಶಾಟ್‌ಗಳಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.